ಬ್ಯಾಂಡ್‌ಸಾ ಟೇಬಲನ್ನು ಮೂಲೆಮಟ್ಟಕ್ಕೆ ತರುವುದು ಹೇಗೆ?

“ಟೇಬಲ್ ಸೊನ್ನೆ ಡಿಗ್ರಿಗೇ ಇಟ್ಟಿದ್ದೀನಿ, ಆದ್ರೂ ಕೊಯ್ದ ಮುಖ ಓರೆ ಬರುತ್ತೆ. ಯಾಕೆ?” ಬ್ಯಾಂಡ್‌ಸಾ ಇಟ್ಟುಕೊಂಡವರು ತಿರುತಿರುಗಿ ಕೇಳುವ ಪ್ರಶ್ನೆ ಇದು. (ಮೇಲೊಂದು ಕೆಳಗೊಂದು ಚಕ್ರದ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನಿಂದ ಮರ ಕೊಯ್ಯುವ ಯಂತ್ರವೇ ಬ್ಯಾಂಡ್‌ಸಾ.) ಟೇಬಲಿನ ಕೆಳಗೆ ಅಂಟಿಸಿರುವ ಡಿಗ್ರಿ ಪಟ್ಟಿಯನ್ನು ನಂಬುವುದು ಇದಕ್ಕೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಕೆಲಸದ ಕ್ರಮ ತಪ್ಪುವುದು. ತುಂಬಾ ಜನ ಮೊದಲು ಟೇಬಲ್ ಸರಿ ಮಾಡುತ್ತಾರೆ, ಆಮೇಲೆ ಬ್ಲೇಡಿಗೆ ಕೈ ಹಾಕುತ್ತಾರೆ. ಬ್ಲೇಡಿನ ಬಿಗಿ ಬದಲಾಯಿತು, ಬ್ಲೇಡಿನ ಪಕ್ಕ ನಿಂತು ಅದನ್ನು ಕಾಯುವ ಗೈಡ್ ಒಂದು ಕೂದಲೆಳೆ ಒತ್ತಿತು ಅಂದರೆ ಬ್ಲೇಡು ನಿಲ್ಲುವ ರೀತಿಯೇ ಬದಲಾಗುತ್ತದೆ. ಆಗ ಟೇಬಲಿಗೆ ಪಟ್ಟ ಶ್ರಮ ನೀರುಪಾಲು.

ಹಾಗಾಗಿ ಈ ಬರಹದಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು. ಕೊಯ್ಯುವಾಗ ಬ್ಲೇಡು ಹೇಗೆ ಇರುತ್ತದೋ ಮೊದಲು ಹಾಗೆ ನಿಲ್ಲಿಸಿ, ಆಮೇಲೆ ಟೇಬಲನ್ನು ಅದಕ್ಕೆ ಹೊಂದಿಸಿ. ಹಂತ ಹಾರಿಸಬೇಡಿ. ಒಂದು ಹಂತ ಹಾರಿಸಿದರೆ ಅದರ ತಪ್ಪು ಮೂರು ಹಂತ ಆದ ಮೇಲೆ ಕಾಣಿಸಿಕೊಳ್ಳುತ್ತದೆ, ಆಗ ಎಲ್ಲಿ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ.

ಏನೇನು ಬೇಕು

ಒಂದು ಒಳ್ಳೆಯ ಮೂಲೆಮಟ್ಟ, ಅಂದರೆ 90 ಡಿಗ್ರಿ ಸರಿ ಇದೆಯಾ ಅಂತ ನೋಡುವ L ಆಕಾರದ ಸಾಧನ. ಕಬ್ಬಿಣದ್ದಾದರೆ ಉತ್ತಮ, 100ರಿಂದ 150 ಮಿ.ಮೀ. ಉದ್ದದ್ದು ಸಾಕು. ನಿಮ್ಮ ಯಂತ್ರದ ಬೋಲ್ಟುಗಳಿಗೆ ಹೊಂದುವ ಸ್ಪ್ಯಾನರ್ ಮತ್ತು ಅಲೆನ್ ಕೀ. ನೇರ ಅಂಚಿನ ಸ್ಟೀಲ್ ಪಟ್ಟಿ, ಚೂಪಾದ ಪೆನ್ಸಿಲು, ಒಂದೆರಡು ಕಾಗದದ ಚೂರು, ಒಂದು ಟಾರ್ಚು. ಜೊತೆಗೆ ಪರೀಕ್ಷೆಗೆ ಒಂದು ಮರದ ತುಂಡು, ಸುಮಾರು 75 ಮಿ.ಮೀ. ದಪ್ಪದ್ದು. ಅದರ ಅಡಿಮುಖ ಹತ್ತರಿ ಹೊಡೆದು ಸಮ ಮಾಡಿದ್ದಿರಬೇಕು. ಟೇಬಲ್ ಮೇಲೆ ಅಲುಗಾಡುವ ತುಂಡಿನಲ್ಲಿ ಯಾವ ಪರೀಕ್ಷೆಯೂ ನಡೆಯುವುದಿಲ್ಲ.

ಮೂಲೆಮಟ್ಟವೇ ಸರಿ ಇಲ್ಲದಿದ್ದರೆ? ಅದನ್ನು ಮೊದಲು ನೋಡಿಬಿಡಿ. ನೇರ ಅಂಚಿರುವ ಹಲಗೆಯ ಅಂಚಿಗೆ ಮೂಲೆಮಟ್ಟದ ಹಿಡಿಯನ್ನು ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ. ಈಗ ಮೂಲೆಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮೂಲೆಮಟ್ಟ ಸರಿ ಇದೆ. ಹೋಗ್ತಾ ಹೋಗ್ತಾ ಗೆರೆಗಳು ದೂರವಾದರೆ, ಕಾಣುವ ಅಂತರದ ಅರ್ಧದಷ್ಟು ತಪ್ಪು ಅದರಲ್ಲಿದೆ. ಕೆಳಗೆ ಬಿದ್ದು ಏಟು ತಿಂದ ಮೂಲೆಮಟ್ಟವನ್ನಂತೂ ನೋಡದೆ ನಂಬಬೇಡಿ.

1. ಪ್ಲಗ್ ಕಿತ್ತು ಶುರು ಮಾಡಿ

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ಇನ್ನು ಮುಂದೆ ಚಕ್ರ ತಿರುಗಿಸುವುದೆಲ್ಲ ಕೈಯಲ್ಲೇ.

ಟೇಬಲಿನ ಮೇಲೆ, ಕೆಳಗೆ, ಚಕ್ರಗಳ ಮೇಲೆ ಕೂತಿರುವ ಮರದ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಟ್ರನಿಯನ್ ಸಂದಿನಲ್ಲಿ ಪುಡಿ ಉಳಿಯದಂತೆ ನೋಡಿಕೊಳ್ಳಿ. ಟೇಬಲನ್ನು ಓರೆ ಮಾಡಲು ಅದರ ಅಡಿಯಲ್ಲಿ ಕಮಾನಿನ ಆಕಾರದ ಎರಕದ ತುಂಡುಗಳಿರುತ್ತವಲ್ಲ, ಅವೇ ಟ್ರನಿಯನ್. ಅಲ್ಲಿ ಗಟ್ಟಿಯಾಗಿ ಅಂಟಿದ ಪುಡಿ ಇದ್ದರೆ ಟೇಬಲ್ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ.

ಹಾಗೆಯೇ ಟೇಬಲಿನ ಮೇಲೆ ಸ್ಟೀಲ್ ಪಟ್ಟಿ ನಿಲ್ಲಿಸಿ ಟಾರ್ಚು ಬಿಟ್ಟು ನೋಡಿ. ಬ್ಲೇಡಿನ ಸುತ್ತ ಕೂರುವ ದುಂಡನೆಯ ಬಿಲ್ಲೆ ಟೇಬಲಿಗಿಂತ ಮೇಲೆದ್ದಿರಬಾರದು. ಎದ್ದಿದ್ದರೆ ಮರ ಅದರ ಮೇಲೆ ತೂಗಾಡುತ್ತದೆ. ಬ್ಲೇಡು ಒಳಗೆ ಹೋಗಲು ಟೇಬಲಿನಲ್ಲಿ ಒಂದು ಸೀಳು ಇರುತ್ತದೆ. ಆ ಸೀಳಿನ ಬಾಯಿಗೆ ಒಂದು ಪಿನ್ನು ಅಥವಾ ಬೋಲ್ಟು ಇರಬೇಕು, ಎರಡೂ ಬದಿಯನ್ನು ಒಂದೇ ಮಟ್ಟದಲ್ಲಿ ಹಿಡಿಯುವುದು ಅದೇ. ಬ್ಲೇಡು ಬದಲಿಸುವಾಗ ಅದನ್ನು ತೆಗೆದು ಎಲ್ಲೋ ಇಟ್ಟು ಮರೆತಿರುವವರು ತುಂಬಾ ಜನ ಇದ್ದಾರೆ!

2. ಬ್ಲೇಡು ನೋಡಿ

ಮೊಂಡಾದ ಬ್ಲೇಡಿಗೆ ಟೇಬಲ್ ಹೊಂದಿಸುವುದು ಸುಮ್ನೆ ಸಮಯ ಹಾಳು. ನೇರ ಕೊಯ್ತಕ್ಕೆ ಅಗಲದ ಬ್ಲೇಡು ಬೇಕು. ಯಂತ್ರ ತಡೆದುಕೊಳ್ಳುವುದಾದರೆ 12 ಮಿ.ಮೀ., ಅಂದರೆ ಅರ್ಧ ಇಂಚಿನದು ಹಾಕಿ. 6 ಮಿ.ಮೀ. ಬ್ಲೇಡು ತಿರುವುಗಳನ್ನು ಕೊಯ್ಯಲು ಇರುವಂಥದ್ದು. ದಪ್ಪ ಮರದಲ್ಲಿ ಅದು ಬಾಗುತ್ತದೆ. ದಪ್ಪ ಮರಕ್ಕೆ ಇಂಚಿಗೆ 3 ಅಥವಾ 4 ಹಲ್ಲು ಸಾಕು. ಹಲ್ಲು ಜಾಸ್ತಿಯಾದರೆ ಪುಡಿ ಹೊರಗೆ ಬರಲು ಜಾಗ ಸಿಗದೆ ಬ್ಲೇಡು ಕಾಯುತ್ತದೆ, ದಾರಿ ತಪ್ಪುತ್ತದೆ. ತೆಳು ಹಲಗೆಗೆ ಮಾತ್ರ ಹಲ್ಲು ಜಾಸ್ತಿ ಬೇಕು. ಯಾವ ಹೊತ್ತಿನಲ್ಲೂ ಕನಿಷ್ಠ ಮೂರು ಹಲ್ಲಾದರೂ ಮರದೊಳಗೆ ಇರಬೇಕು.

ಮೇಲಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಬೆಸುಗೆಯ ಜಾಗ ಹುಡುಕಿ. ಅಲ್ಲಿ ಬ್ಲೇಡು ಉಬ್ಬಿದ್ದರೆ ಅಥವಾ ಸೊಟ್ಟಗಿದ್ದರೆ ಪ್ರತಿ ಸುತ್ತಿಗೂ ಗೈಡಿಗೆ ಬಡಿಯುತ್ತದೆ. ಆ ಜಾಗಕ್ಕೆ ಮಾರ್ಕರ್ ಹಚ್ಚಿಡಿ, ಮುಂದೆ ಅಳೆಯುವಾಗ ಅದನ್ನು ಬಿಟ್ಟು ಬೇರೆ ಕಡೆ ಅಳೆಯಬೇಕು.

3. ಬಿಗಿ ಮತ್ತು ಟ್ರ್ಯಾಕಿಂಗ್

ಮೊದಲು ಮೇಲಿನ ಮತ್ತು ಕೆಳಗಿನ ಗೈಡುಗಳನ್ನು, ಅಂದರೆ ಬ್ಲೇಡಿನ ಅಕ್ಕಪಕ್ಕ ಮತ್ತು ಹಿಂದೆ ನಿಂತು ಅದನ್ನು ಅಲುಗಾಡದಂತೆ ಕಾಯುವ ಗಟ್ಟಿ ತುಂಡು ಅಥವಾ ಬೇರಿಂಗುಗಳನ್ನು, ಪೂರ್ತಿ ಹಿಂದಕ್ಕೆ ಸರಿಸಿಬಿಡಿ. ಬ್ಲೇಡಿಗೆ ಯಾವುದೂ ತಾಗಬಾರದು. ಈ ಒಂದು ಕೆಲಸ ಮಾಡದೆ ಮುಂದೆ ಹೋಗುವವರೇ ಆಮೇಲೆ ತಲೆ ಕೆಡಿಸಿಕೊಳ್ಳುವುದು. ಗೈಡು ಬ್ಲೇಡನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದಿದ್ದರೆ ನೀವು ಟೇಬಲನ್ನು ಬಾಗಿದ ಬ್ಲೇಡಿಗೆ ಹೊಂದಿಸಿದಂತಾಯಿತು.

ಈಗ ಬಿಗಿ. ಯಂತ್ರದ ಮೇಲಿನ ಅಳತೆ ಪಟ್ಟಿ ಅಂದಾಜಿಗೆ ಮಾತ್ರ. ಸ್ಪ್ರಿಂಗ್ ಹಳೆಯದಾದಂತೆ ಅದು ಹೇಳುವುದೂ ಬದಲಾಗುತ್ತದೆ. ಮೇಲಿನ ಗೈಡನ್ನು ಟೇಬಲಿನಿಂದ 150 ಮಿ.ಮೀ. ಎತ್ತರಕ್ಕೆ ತಂದು, ನಡುವಿನ ಬ್ಲೇಡನ್ನು ಪಕ್ಕದಿಂದ ಬೆರಳಲ್ಲಿ ಒತ್ತಿ ನೋಡಿ. ಸಾಧಾರಣ ಒತ್ತಡಕ್ಕೆ 6 ಮಿ.ಮೀ.ಗಿಂತ ಜಾಸ್ತಿ ಸರಿಯಬಾರದು. ಸಡಿಲ ಬ್ಲೇಡು ಬಟ್ಟೆ ಒಣಗಿಸುವ ಹಗ್ಗದ ಹಾಗೆ, ಭಾರ ಬಿದ್ದ ಕಡೆ ಜೋತುಬೀಳುತ್ತದೆ. ಹಾಗಂತ ವಿಪರೀತ ಬಿಗಿ ಮಾಡಿದರೂ ಒಳ್ಳೆಯದಲ್ಲ. ಸಣ್ಣ ಯಂತ್ರಗಳ ಚೌಕಟ್ಟೇ ಬಾಗುತ್ತದೆ.

ಆಮೇಲೆ ಟ್ರ್ಯಾಕಿಂಗ್, ಅಂದರೆ ಬ್ಲೇಡು ಚಕ್ರದ ರಬ್ಬರ್ ಪಟ್ಟಿಯ ಮೇಲೆ ಯಾವ ಜಾಗದಲ್ಲಿ ಓಡುತ್ತದೆ ಎಂಬುದು. ರಬ್ಬರಿನ ನಡುಭಾಗ ಸ್ವಲ್ಪ ಉಬ್ಬಿದ್ದರೆ ಬ್ಲೇಡನ್ನು ಆ ಉಬ್ಬಿನ ನೆತ್ತಿಗೆ ತನ್ನಿ. ಚಕ್ರವನ್ನು ಕೊಯ್ಯುವ ದಿಕ್ಕಿಗೆ ಕೈಯಲ್ಲಿ ತಿರುಗಿಸುತ್ತಾ ಟ್ರ್ಯಾಕಿಂಗ್ ತಿರುಪನ್ನು ಅಷ್ಟಷ್ಟೇ ತಿರುಗಿಸಿ. ಹತ್ತು ಹನ್ನೆರಡು ಸುತ್ತಿಗೂ ಬ್ಲೇಡು ಜಾಗ ಬಿಡದೆ ಓಡಿದರೆ ತಿರುಪಿನ ನಟ್ಟು ಬಿಗಿಯಿರಿ. ಚಪ್ಪಟೆ ರಬ್ಬರಿನ ಚಕ್ರಗಳಿಗೆ ಈ ಲೆಕ್ಕ ಬೇರೆ, ನಿಮ್ಮ ಯಂತ್ರದ ಕೈಪಿಡಿ ಹೇಳಿದಂತೆ ಮಾಡಿ.

ಉಬ್ಬಿನ ನೆತ್ತಿಗೇ ಯಾಕೆ? ಬ್ಲೇಡು ಉಬ್ಬಿನ ಮುಂದೆ ಅಥವಾ ಹಿಂದೆ ಕೂತರೆ ಇಳಿಜಾರಿನಲ್ಲಿ ಕೂತಂತಾಗಿ ಅದರ ಮೂತಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಕೊಯ್ತ ಗೆರೆ ಬಿಟ್ಟು ಪಕ್ಕಕ್ಕೆ ಎಳೆಯುವುದಕ್ಕೆ ಇದೂ ಒಂದು ಕಾರಣ.

4. ಟೇಬಲನ್ನು ಬ್ಲೇಡಿಗೆ ಹೊಂದಿಸಿ

ಮುಖ್ಯ ಕೆಲಸ ಇದು. ಮೇಲಿನ ಗೈಡನ್ನು ಪೂರ್ತಿ ಮೇಲೆತ್ತಿ. ಬ್ಲೇಡು ಎಷ್ಟು ಉದ್ದ ಕಾಣುತ್ತದೋ ಅಳತೆ ಅಷ್ಟು ಚೆನ್ನಾಗಿ ಬರುತ್ತದೆ.

ಮೂಲೆಮಟ್ಟವನ್ನು ಟೇಬಲಿನ ಮೇಲೆ ಬ್ಲೇಡಿನ ಬಲಕ್ಕೆ ನಿಲ್ಲಿಸಿ ಮೆಲ್ಲಗೆ ಬ್ಲೇಡಿಗೆ ತಾಗಿಸಿ. ಇಲ್ಲಿ ಎಚ್ಚರ. ಬ್ಲೇಡಿನ ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಹೀಗೆ ಹೊರಬಾಗಿರುತ್ತವೆ. ಮೂಲೆಮಟ್ಟ ಹಲ್ಲಿಗೆ ತಾಗಿದರೆ ಅಳತೆ ಸುಳ್ಳು. ಹಲ್ಲಿನ ಹಿಂದಿರುವ ಚಪ್ಪಟೆ ಮೈಗೆ ಮಾತ್ರ ತಾಗಬೇಕು. ತಾಗಿಸುವುದು ಅಂದರೆ ಮುಟ್ಟಿಸುವುದು ಅಷ್ಟೇ. ಒತ್ತಿದರೆ ಬ್ಲೇಡು ಬಾಗಿ ಸಂದು ಮುಚ್ಚಿಹೋಗುತ್ತದೆ, ನಿಮಗೆ ಸರಿ ಇದೆ ಅಂತಲೇ ಅನಿಸುತ್ತದೆ.

ಹಿಂದಿನಿಂದ ಟಾರ್ಚು ಬಿಡಿ. ಮೇಲೆ ಬೆಳಕು ಕಂಡು ಕೆಳಗೆ ತಾಗಿದ್ದರೆ ಟೇಬಲಿನ ಬಲಬದಿ ತಗ್ಗಾಗಿದೆ, ಅದನ್ನು ಎತ್ತಬೇಕು. ಕೆಳಗೆ ಬೆಳಕು ಕಂಡು ಮೇಲೆ ತಾಗಿದ್ದರೆ ಬಲಬದಿ ಎತ್ತರವಾಗಿದೆ, ಇಳಿಸಬೇಕು. ಓರೆಯ ಲಾಕ್ ಸಡಿಲ ಮಾಡಿ, ಅಷ್ಟಷ್ಟೇ ಸರಿಸಿ.

ಟೇಬಲ್ ಓರೆ ಮಾಡಲು ಹಲ್ಲುಚಕ್ರವಿದ್ದರೆ ಪ್ರತಿ ಸಲವೂ ಒಂದೇ ದಿಕ್ಕಿನಿಂದ 90 ಡಿಗ್ರಿಗೆ, ಅಂದರೆ ಟೇಬಲ್ ಬ್ಲೇಡಿಗೆ ಲಂಬವಾಗುವ ಜಾಗಕ್ಕೆ ಬನ್ನಿ. ದಾಟಿ ಹೋದರೆ ಪೂರ್ತಿ ಹಿಂದೆ ಹೋಗಿ ಮತ್ತೆ ಬನ್ನಿ. ಹಲ್ಲುಗಳ ನಡುವಿನ ಸಡಿಲ ಆಗ ಕಾಟ ಕೊಡುವುದಿಲ್ಲ.

ಸರಿ ಅನಿಸಿದ ಮೇಲೆ ಲಾಕ್ ಬಿಗಿಯಿರಿ. ಬಿಗಿದ ಮೇಲೆ ಮತ್ತೆ ಅಳೆಯಿರಿ. ಲಾಕ್ ಬಿಗಿಯುವಾಗ ಟೇಬಲ್ ಒಂದಿಷ್ಟು ಸರಿಯುವುದು ಮಾಮೂಲು. ನಿಮ್ಮ ಯಂತ್ರ ಯಾವ ಕಡೆ ಎಷ್ಟು ಸರಿಯುತ್ತದೆ ಅಂತ ಒಂದೆರಡು ಸಲ ನೋಡಿದರೆ ಗೊತ್ತಾಗುತ್ತದೆ. ಅಷ್ಟನ್ನು ಮೊದಲೇ ಬಿಟ್ಟು ಬಿಗಿಯಿರಿ. ಚಕ್ರವನ್ನು ಸ್ವಲ್ಪ ತಿರುಗಿಸಿ ಬ್ಲೇಡಿನ ಬೇರೆ ಎರಡು ಕಡೆಯೂ ನೋಡಿ.

ಎಷ್ಟು ಸರಿ ಇದ್ದರೆ ಸಾಕು? ಅರ್ಧ ಡಿಗ್ರಿ ಓರೆ ಇದ್ದರೆ 100 ಮಿ.ಮೀ. ಎತ್ತರದಲ್ಲಿ ಸುಮಾರು 0.9 ಮಿ.ಮೀ. ವ್ಯತ್ಯಾಸ ಬರುತ್ತದೆ. ಜೋಡಣೆಯ ಕೆಲಸದಲ್ಲಿ ಅದು ಎದ್ದು ಕಾಣುತ್ತದೆ. ಅದೇ ಎತ್ತರದಲ್ಲಿ ಕಾಗದದಷ್ಟು, ಅಂದರೆ 0.1 ಮಿ.ಮೀ. ಸಂದು ಉಳಿದರೆ ಅದು 0.06 ಡಿಗ್ರಿಯಷ್ಟು. ನನ್ನ ಮಟ್ಟಿಗೆ ಅಲ್ಲಿಗೆ ನಿಲ್ಲಿಸಬಹುದು. ಕೊಯ್ದ ಮುಖಕ್ಕೆ ಹೇಗೂ ಹತ್ತರಿ ಹೊಡೆಯುತ್ತೀರಿ, ಅಲ್ವಾ?

5. ತಡೆ ಬೋಲ್ಟನ್ನು ಈಗ ಹೊಂದಿಸಿ

ಟೇಬಲ್ 90ಕ್ಕೆ ಬಂದಾಗ ಅಲ್ಲೇ ನಿಲ್ಲಲಿ ಅಂತ ಕೆಳಗೆ ಒಂದು ತಡೆ ಬೋಲ್ಟು ಇರುತ್ತದೆ. ಅದರ ತಲೆ ಟೇಬಲಿನ ಅಡಿಗೆ ತಾಗುವವರೆಗೆ ತಿರುಗಿಸಿ, ಲಾಕ್ ನಟ್ಟು ಬಿಗಿಯಿರಿ. ನಟ್ಟು ಬಿಗಿಯುವಾಗ ಬೋಲ್ಟು ತಿರುಗದಂತೆ ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದುಕೊಳ್ಳಿ.

ಸರಿಯಾಯಿತೋ ಇಲ್ಲವೋ ನೋಡಲು ಟೇಬಲನ್ನು 45ಕ್ಕೆ ಓರೆ ಮಾಡಿ, ವಾಪಸ್ ತಂದು ಬೋಲ್ಟಿನ ಮೇಲೆ ಕೂರಿಸಿ, ಲಾಕ್ ಮಾಡಿ, ಅಳೆಯಿರಿ. ಇದಾದ ಮೇಲೆ ಡಿಗ್ರಿ ಪಟ್ಟಿಯ ಮುಳ್ಳನ್ನು ಸಡಿಲಿಸಿ ಸೊನ್ನೆಗೆ ತನ್ನಿ.

ಇಷ್ಟೆಲ್ಲ ಮಾಡಿ ಒಂದು ತಿಂಗಳಾದ ಮೇಲೆ ಮತ್ತೆ ಓರೆ ಬಂದರೆ ಮೊದಲು ನೋಡಬೇಕಾದ್ದು ಈ ಬೋಲ್ಟಿನ ತಲೆಯನ್ನೇ. ಅದರ ಮೇಲೆ ಪುಡಿ ಕೂತಿರುತ್ತದೆ. ಟೇಬಲ್ ಓರೆ ಮಾಡಿ ವಾಪಸ್ ತರುವ ಪ್ರತಿ ಸಲವೂ ಅಲ್ಲಿ ಒಮ್ಮೆ ಬೆರಳಾಡಿಸಿ.

6. ಮುಂದಿನಿಂದ ಹಿಂದಕ್ಕೆ

ಈಗ ಮೂಲೆಮಟ್ಟವನ್ನು ಬ್ಲೇಡಿನ ಹಿಂಭಾಗಕ್ಕೆ ತಾಗಿಸಿ ನೋಡಿ. ಇಲ್ಲಿ ಚೂರು ತಪ್ಪಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ತುಂಡನ್ನು ಈ ತುದಿಯಿಂದ ಆ ತುದಿಗೆ ಪೂರ್ತಿ ಕೊಯ್ಯುವುದಾದರೆ ಬ್ಲೇಡು ಮುಂದಕ್ಕೋ ಹಿಂದಕ್ಕೋ ವಾಲಿದ್ದರೂ ಕೊಯ್ದ ಮುಖ ಲಂಬವಾಗಿಯೇ ಇರುತ್ತದೆ. ಡವ್‌ಟೇಲ್, ಅಂದರೆ ಹಕ್ಕಿಬಾಲದ ಆಕಾರದ ಹಲ್ಲುಗಳನ್ನು ಕೂಡಿಸುವಂಥ ಜೋಡಣೆಗೆ ಅರ್ಧಕ್ಕೆ ನಿಲ್ಲಿಸುವ ಕೊಯ್ತದಲ್ಲಿ ಮಾತ್ರ ಇದು ತೊಂದರೆ ಕೊಡುತ್ತದೆ. ಮೇಲೆ ಗೆರೆಗೆ ನಿಂತ ಬ್ಲೇಡು ಕೆಳಗೆ ಗೆರೆ ದಾಟಿರುತ್ತದೆ. ಸರಿ ಮಾಡಲೇಬೇಕು ಅನಿಸಿದರೆ ಟೇಬಲ್ ಮತ್ತು ಟ್ರನಿಯನ್ ನಡುವೆ ತೆಳುವಾದ ತಗಡಿನ ಚೂರು ಇಟ್ಟು ಬೋಲ್ಟು ಬಿಗಿಯಿರಿ. ಅದಾದ ಮೇಲೆ 4ನೇ ಹಂತವನ್ನು ಮತ್ತೆ ಮಾಡಬೇಕು, ಬೇರೆ ದಾರಿಯಿಲ್ಲ.

7. ಗೈಡುಗಳನ್ನು ವಾಪಸ್ ತನ್ನಿ

ಪಕ್ಕದ ಗೈಡುಗಳ ಮುಂದಿನ ಅಂಚು ಹಲ್ಲಿನ ಬುಡಕ್ಕಿಂತ ಸ್ವಲ್ಪ ಹಿಂದೆ ಇರಲಿ. ಕೊಯ್ಯುವಾಗ ಬ್ಲೇಡು ಹಿಂದೆ ಸರಿದರೂ ಹಲ್ಲು ಗೈಡಿಗೆ ತಾಗಬಾರದು, ತಾಗಿದರೆ ಹಲ್ಲಿನ ಬಾಗು ಹೋಗಿಬಿಡುತ್ತದೆ. ಬ್ಲೇಡು ಮತ್ತು ಗೈಡಿನ ನಡುವೆ ಎರಡೂ ಕಡೆ ಒಂದೊಂದು ಕಾಗದದ ಚೂರು ಇಟ್ಟು, ಗೈಡನ್ನು ಅದಕ್ಕೆ ತಾಗುವಷ್ಟು ತಂದು ಬಿಗಿಯಿರಿ. ಕಾಗದ ತೆಗೆದಾಗ ಉಳಿಯುವ ಸಂದೇ ಸರಿಯಾದ ಸಂದು. ಕಾಗದ ಎಳೆಯುವಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅನಿಸಿದರೆ ಬ್ಲೇಡನ್ನು ಒತ್ತಿದ್ದೀರಿ ಅಂತ ಅರ್ಥ.

ಹಿಂದಿನ ಬೇರಿಂಗ್, ಅಂದರೆ ಮರ ತಳ್ಳುವಾಗ ಬ್ಲೇಡಿಗೆ ಆಸರೆ ಕೊಡುವ ಥ್ರಸ್ಟ್ ಬೇರಿಂಗ್, ಖಾಲಿ ಓಡುವಾಗ ತಿರುಗಬಾರದು. ಮರ ತಾಗಿದಾಗ ತಿರುಗಬೇಕು. ಟೇಬಲಿನ ಕೆಳಗಿನ ಗೈಡುಗಳಿಗೂ ಇದೇ ಕೆಲಸ. ಕೈ ಹೋಗುವುದು ಕಷ್ಟ ಅಂತ ಅದನ್ನು ಬಿಟ್ಟುಬಿಡುವವರೇ ಜಾಸ್ತಿ.

ಇದೆಲ್ಲ ಆದ ಮೇಲೆ ಮೇಲಿನ ಗೈಡನ್ನು ಕೆಳಗೆ ಇಳಿಸಿ, ಮೇಲೆ ಎತ್ತಿ ಸಂದು ಹಾಗೇ ಇದೆಯಾ ನೋಡಿ. ಕೆಲವು ಯಂತ್ರಗಳಲ್ಲಿ ಗೈಡಿನ ಕಂಬ ಬ್ಲೇಡಿಗೆ ನೇರವಾಗಿ ಇಳಿಯುವುದಿಲ್ಲ. ಹಾಗಿದ್ದರೆ ಕೊಯ್ಯುವ ಎತ್ತರಕ್ಕೆ ತಂದು ಅಲ್ಲೇ ಸಂದು ಹೊಂದಿಸಿಕೊಳ್ಳಬೇಕು. ಕಡೆಯದಾಗಿ ಮೂಲೆಮಟ್ಟ ಇನ್ನೊಮ್ಮೆ ಇಟ್ಟು ನೋಡಿ. ಗೈಡು ತಂದ ಮೇಲೆ ಅಳತೆ ಬದಲಾಗಿದ್ದರೆ ತಪ್ಪು ಗೈಡಿನದು. ಟೇಬಲಿಗೆ ಕೈ ಹಾಕಬೇಡಿ.

8. ಕೊಯ್ದು ನೋಡಿ

ಮೂಲೆಮಟ್ಟ ಹೇಳಿದ್ದಕ್ಕಿಂತ ಮರ ಹೇಳುವುದು ನಿಜ. ಮುಚ್ಚಳಗಳನ್ನು ಹಾಕಿ, ಮೇಲಿನ ಗೈಡನ್ನು ತುಂಡಿನಿಂದ 5–6 ಮಿ.ಮೀ. ಮೇಲಕ್ಕೆ ಇಳಿಸಿ, ಪ್ಲಗ್ ಹಾಕಿ. ಕೈಗವಸು, ಸಡಿಲ ತೋಳಿನ ಬಟ್ಟೆ ಬೇಡ. ಕಣ್ಣಿಗೆ ಕನ್ನಡಕ ಇರಲಿ. ಬೆರಳು ಬ್ಲೇಡಿನ ನೇರಕ್ಕೆ ಬರಬಾರದು.

75 ಮಿ.ಮೀ. ತುಂಡಿನ ತುದಿಯಲ್ಲಿ 10 ಮಿ.ಮೀ. ಆಳದಷ್ಟು ಮಾತ್ರ ಒಂದು ಸೀಳು ಹಾಕಿ. ತುಂಡನ್ನು ಹಿಂದಕ್ಕೆ ತೆಗೆದು ಯಂತ್ರ ನಿಲ್ಲಿಸಿ. ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಿರಿ, ಪ್ಲಗ್ ಕೀಳಿ. ಈಗ ಅದೇ ಮುಖ ಟೇಬಲ್ ಮೇಲಿರುವಂತೆ ತುಂಡನ್ನು ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂದೆ ತನ್ನಿ. ಸೀಳು ಬ್ಲೇಡಿನ ಬೆನ್ನಿಗೆ ಎದುರಾಗಿರುತ್ತದೆ. ಮೆಲ್ಲಗೆ ಮುಂದೆ ತಂದು ಬ್ಲೇಡಿನ ಬೆನ್ನನ್ನು ಸೀಳಿನೊಳಗೆ ಕೂರಿಸಲು ನೋಡಿ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಕೂತರೆ ಟೇಬಲ್ ಸರಿ ಇದೆ. ಓರೆ ಇದ್ದರೆ ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ ತಾಗುತ್ತದೆ. ತುಂಡು ತಿರುಗಿದ್ದರಿಂದ ತಪ್ಪು ಎರಡರಷ್ಟಾಗಿ ಕಾಣುತ್ತದೆ, ಹಾಗಾಗಿ ಮೂಲೆಮಟ್ಟಕ್ಕೆ ಸಿಗದ ಓರೆಯೂ ಇಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕಿಂತ ಸುಲಭದ, ಕಾಸು ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ.

9. ಮೈಟರ್ ಗೇಜ್ ಮತ್ತು ಫೆನ್ಸ್

ಇಲ್ಲಿಯವರೆಗೆ ಮೇಲಿಂದ ಕೆಳಗಿನ ನೇರ ನೋಡಿದ್ದಾಯಿತು. ಹಲಗೆಯ ಅಂಚಿಗೆ 90 ಡಿಗ್ರಿ ಬರುವುದು ಬೇರೆ ವಿಷಯ. ಅದು ಟೇಬಲಿನ ಕಾಲುವೆಯಲ್ಲಿ ಜಾರುವ ಮೈಟರ್ ಗೇಜಿನ ಕೆಲಸ.

ಮೊದಲು ಗೇಜಿನ ಪಟ್ಟಿಯನ್ನು ಕಾಲುವೆಯಲ್ಲಿಟ್ಟು ಅಲುಗಾಡಿಸಿ. ಸಡಿಲವಿದ್ದರೆ ಪಟ್ಟಿಯ ಪಕ್ಕಕ್ಕೆ ಅಲ್ಯೂಮಿನಿಯಂ ಟೇಪು ಅಂಟಿಸಿ, ಜಾರುವಷ್ಟು ಮಾತ್ರ ಬಿಗಿಯಾಗಲಿ. ಆಮೇಲೆ ಎರಡೂ ಅಂಚು ಸಮಾನಾಂತರವಾಗಿರುವ, 100–150 ಮಿ.ಮೀ. ಅಗಲದ ಹಲಗೆಯನ್ನು ಅಡ್ಡಕ್ಕೆ ಕೊಯ್ಯಿರಿ. ಒಂದು ತುಂಡನ್ನು ಮಗುಚಿ ಹಾಕಿ, ಎರಡರ ಅಂಚನ್ನೂ ಸ್ಟೀಲ್ ಪಟ್ಟಿಗೆ ಒತ್ತಿ, ಕೊಯ್ದ ಮುಖಗಳನ್ನು ಕೂಡಿಸಿ. ಸಂದು ಕಂಡರೆ ಅದರ ಅರ್ಧದಷ್ಟು ಗೇಜಿನ ತಪ್ಪು.

ಫೆನ್ಸ್, ಅಂದರೆ ಉದ್ದಕ್ಕೆ ಸೀಳುವಾಗ ಹಲಗೆ ಒರಗುವ ತಡೆಪಟ್ಟಿ, ಟೇಬಲಿಗೆ ಲಂಬವಾಗಿದೆಯಾ ಅಂತ ಮೂಲೆಮಟ್ಟದಲ್ಲಿ ನೋಡಿ. ಬ್ಲೇಡು ಒಂದು ಕಡೆಗೆ ಎಳೆಯುತ್ತಿದ್ದರೆ, ಅದನ್ನೇ ಡ್ರಿಫ್ಟ್ ಅನ್ನುವುದು, ಒಂದು ನೇರ ಹಲಗೆಯಲ್ಲಿ ಅಂಚಿಗೆ ಸಮಾನಾಂತರ ಗೆರೆ ಎಳೆದು ಫೆನ್ಸ್ ಇಲ್ಲದೆ ಕೈಯಲ್ಲೇ ಗೆರೆಯ ಮೇಲೆ ಕೊಯ್ಯಿರಿ. ಅರ್ಧ ದಾರಿಗೆ ಬಂದಾಗ ಹಲಗೆ ಅಲುಗದಂತೆ ಹಿಡಿದು ಯಂತ್ರ ನಿಲ್ಲಿಸಿ, ಬ್ಲೇಡು ನಿಂತ ಮೇಲೆ ಹಲಗೆಯ ಅಂಚಿನ ಗುಂಟ ಟೇಬಲಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆ ಗೆರೆಯೂ ಗೇಜಿನ ಕಾಲುವೆಯೂ ಸಮಾನಾಂತರ ಇದ್ದರೆ ಎಲ್ಲ ಸರಿ. ಇಲ್ಲದಿದ್ದರೆ ಮೊದಲು ಟ್ರ್ಯಾಕಿಂಗ್ ಮತ್ತು ಬ್ಲೇಡಿನ ಮೊನೆ ನೋಡಿ. ಅದೂ ಸರಿ ಇದ್ದರೆ ಟೇಬಲನ್ನು ಟ್ರನಿಯನಿಗೆ ಹಿಡಿದಿರುವ ಬೋಲ್ಟುಗಳನ್ನು ಸಡಿಲಿಸಿ, ಟೇಬಲನ್ನೇ ಚೂರು ತಿರುಗಿಸಿ ಬಿಗಿಯಬಹುದು. ಫೆನ್ಸನ್ನು ಆ ಗೆರೆಗೆ ಓರೆ ಮಾಡುವವರೂ ಇದ್ದಾರೆ. ಸೀಳುವ ಕೆಲಸ ಮಾತ್ರ ಇದ್ದರೆ ಅದು ನಡೆಯುತ್ತದೆ, ಆದರೆ ಮೈಟರ್ ಗೇಜಿನ ಕೊಯ್ತ ಅದರಿಂದ ಸರಿಯಾಗುವುದಿಲ್ಲ.

ಇನ್ನೂ ಸರಿ ಬರುತ್ತಿಲ್ಲವೇ?

ಕೊಯ್ದ ಮುಖಕ್ಕೆ ಸ್ಟೀಲ್ ಪಟ್ಟಿ ಇಟ್ಟು ನೋಡಿ, ಅದೇ ಹೇಳುತ್ತದೆ. ಮುಖ ಸಪಾಟಾಗಿದ್ದು ಓರೆಯಾಗಿದ್ದರೆ ಟೇಬಲ್ ಅಥವಾ ತಡೆ ಬೋಲ್ಟಿನ ತಪ್ಪು. ಮುಖ ಹೊಟ್ಟೆ ಬಂದಂತೆ ನಡುವೆ ಉಬ್ಬಿದ್ದರೆ ಅಥವಾ ಒಳಬಾಗಿದ್ದರೆ ಟೇಬಲನ್ನು ಮುಟ್ಟಲೇಬೇಡಿ. ಬ್ಲೇಡು ಮರದೊಳಗೆ ಬಾಗುತ್ತಿದೆ. ಬಿಗಿ ಸಾಲದು, ಹಲ್ಲು ಮೊಂಡಾಗಿದೆ, ಇಲ್ಲವೇ ನೀವು ಅವಸರದಲ್ಲಿ ತಳ್ಳುತ್ತಿದ್ದೀರಿ. ಮೇಲಿನ ಗೈಡನ್ನು ತುಂಬಾ ಎತ್ತರದಲ್ಲಿ ಬಿಟ್ಟರೂ ಹೀಗೇ ಆಗುತ್ತದೆ. ಒಂದು ತುಂಡು ಸರಿ, ಇನ್ನೊಂದು ಓರೆ ಅಂದರೆ ತುಂಡಿನ ಅಡಿಮುಖ ನೋಡಿ. ಬಾಗಿದ ಹಲಗೆ ಟೇಬಲ್ ಮೇಲೆ ತೂಗಾಡುತ್ತಾ ಕೊಯ್ಯಿಸಿಕೊಂಡಿರುತ್ತದೆ.

ಕೆಲಸ ಮುಗಿದ ಮೇಲೆ ಬ್ಲೇಡಿನ ಬಿಗಿ ಸಡಿಲಿಸುವುದಾದರೆ ತಿರುಪನ್ನು ಎಷ್ಟು ಸುತ್ತು ತಿರುಗಿಸಿದಿರಿ ಅಂತ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸಿ. ಮರುದಿನ ಅಷ್ಟೇ ಸುತ್ತು ಬಿಗಿದು, ಮೂಲೆಮಟ್ಟವನ್ನು ಒಮ್ಮೆ ತಾಗಿಸಿ ನೋಡಿ ಕೆಲಸ ಶುರು ಮಾಡಬಹುದು. ಬೇರೆ ಅಗಲದ ಬ್ಲೇಡು ಹಾಕಿದರೆ ಮಾತ್ರ 3ನೇ ಹಂತದಿಂದ ಮತ್ತೆ ಬರಬೇಕು.